ನಾಲ್ಕನೇ ಚೌಕದ ಅಳತೆ

ಸೆಂಡಾಯ್
೧೦ ಜನವರಿ ೨೦೨೫

ಪ್ರೀತಿಯ ಕೋಕಿಲಕ್ಕ,

ಈಗ ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ಎಬ್ಬಿಸಿದ್ದು ಪಾಪು ಅಲ್ಲ, ಸೀಮೆಎಣ್ಣೆ ಹೀಟರಿನ ಹಾಡು. ಮೂರು ಗಂಟೆ ಉರಿದ ಮೇಲೆ ತಾನಾಗಿ ಒಂದು ರಾಗ ಎಳೆದು ಆರಿಹೋಗುತ್ತದಲ್ಲ, ಅದು. ಅದನ್ನು ಆರಿಸದೆ ನಿದ್ದೆಹೋಗಿದ್ದೆ. ಪಾಪುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ, ಕಿಟಕಿ ತೆರೆದೆ, ಮತ್ತೆ ಬೆರಳಿಟ್ಟು ನೋಡಿದೆ. ಏಳು ತಿಂಗಳಾಯಿತು, ಇನ್ನೂ ಇದೇ ಕೆಲಸ. ಇನ್ನು ನಿದ್ದೆ ಬರುವುದಿಲ್ಲ, ಅದಕ್ಕೇ ನಿಮಗೆ ಬರೆಯಲು ಕೂತೆ.

ನಿಮ್ಮ ಲಕೋಟೆ ನಿನ್ನೆ ಬಂತು. ನೀವು ಪಕ್ಕದ ಮನೆಯಲ್ಲಿದ್ದು ಈ ಬಾಣಂತಿಗೆ ಮೆಣಸಿನ ಸಾರು ತಂದುಕೊಡುತ್ತಿದ್ದ ದಿನಗಳು ಮುಗಿದು, ಹೊಕ್ಕಾಯ್ದೋದ ಆ ಸರೋವರದ ದಡದಲ್ಲಿ ಮಂಜುಗಡ್ಡೆ ಅಳೆಯಲು ಹೋಗಿ ಎರಡು ತಿಂಗಳಾಯಿತು. ಅಲ್ಲಿಂದ ಬಂದದ್ದು ಪಾಪುವಿಗೆ ಟೋಪಿ ಇರಬಹುದೆಂದುಕೊಂಡೆ. ತೆರೆದರೆ ಸ್ನೋಮೊಬೈಲಿನ ಚಿತ್ರ, ಒಂದಷ್ಟು ಅಳತೆ, ಜಪಾನೀ ನಮೂನೆಯ ಒಂದು ಹಾಳೆ! ‘ಗಾಡಿ ಅಮೆರಿಕದ್ದು, ಕ್ಯಾಟಲಾಗು ಇಂಗ್ಲಿಷಿನದು. ಗಾಡಿ ನೋಡ್ಕೊಳ್ಳೋ ಓನೋ-ಸಾನ್‌ಗೆ ಇಂಗ್ಲಿಷ್ ಬರಲ್ಲ, ನಂಗೆ ಮೊಳೆ ವಿಷಯ ಬರಲ್ಲ. ನೀನು ಮೆಕ್ಯಾನಿಕಲ್ ಇಂಜಿನಿಯರ್, ನೀನೇ ಆರ್ಸಿ ಕೊಡು’ ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಮೈಸೂರಿನಲ್ಲಿ ಎರಡು ವರ್ಷ ಡಿಸೈನ್ ವಿಭಾಗದಲ್ಲಿದ್ದೆ ಎಂಬುದು ನನಗೇ ಮರೆತುಹೋಗಿತ್ತು. ನಮ್ಮ ಯಜಮಾನರು ನಿತೀಶ್ ನೋಡಿ ನಕ್ಕರು. “ಏನ್ ಮೇಡಂ, ಮೊಳೆ ಆರ್ಸೋಕೂ ಡಿಗ್ರಿ ಬೇಕಾ?” ಎಂದರು. “ನಿಮ್ಮ ಸಾಫ್ಟ್‌ವೇರ್ ಕೆಟ್ಟರೆ ರೀಸ್ಟಾರ್ಟ್ ಮಾಡ್ತೀರ, ಮಂಜಿನ ಮೇಲೆ ಗಾಡಿ ಕೆಟ್ಟರೆ ಏನ್ ಮಾಡ್ತೀರ?” ಎಂದು ನಾನೂ ಬಿಡಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಗಾಡಿಯ ಕೆಳಗೆ ಸುತ್ತುವ ರಬ್ಬರ್ ಪಟ್ಟಿಗೆ ಮೂವತ್ತೆರಡು ಮಿಲಿಮೀಟರ್ ಎತ್ತರದ ರಬ್ಬರ್ ಹಲ್ಲುಗಳಿವೆ. ಮೆತ್ತನೆಯ ಹಿಮಕ್ಕೆ ಅವು ಸಾಕು, ಗಾಜಿನಂಥ ಮಂಜುಗಡ್ಡೆಯ ಮೇಲೆ ಜಾರುತ್ತವೆ. ಅದಕ್ಕೆ ಪಟ್ಟಿಯ ಒಳಗಿನಿಂದ ತೂರಿಸಿ ಬಿಗಿಯುವ ಉಕ್ಕಿನ ಮೊಳೆ, ಅಂದರೆ ಸ್ಟಡ್, ಬೇಕು. ಹಲ್ಲಿಗಿಂತ ಮೊಳೆ ಎಷ್ಟು ಎದ್ದು ನಿಂತರೆ ಅಷ್ಟು ಹಿಡಿತ. ಆದರೆ ಅದೇ ಪಟ್ಟಿ ತಿರುಗಿ ಮೇಲೆ ಬರುವಾಗ ಸೀಟಿನ ಅಡಿಯ ಅಲ್ಯೂಮಿನಿಯಂ ಗೂಡಿನೊಳಗೆ ಹಾದುಹೋಗುತ್ತದೆ, ಮೊಳೆ ತೀರಾ ಉದ್ದವಾದರೆ ಗೂಡಿಗೆ ಬಡಿಯುತ್ತದೆ. ಹಲ್ಲಿನ ತುದಿಗೂ ಗೂಡಿನ ಮಾಡಿಗೂ ನಡುವೆ ಎಷ್ಟು ಜಾಗವಿದೆ? ನೀವು ಅದೊಂದು ಅಳತೆ ಕಳಿಸಿಲ್ಲ. ಅದಿಲ್ಲದೆ ನಾನು ಒಂದು ಹೆಜ್ಜೆಯೂ ಇಡುವವಳಲ್ಲ. ಗುರುವಾರ ಫೋನ್ ಮಾಡುತ್ತೇನೆ.

ನಿಮ್ಮ
ಸ್ಫೂರ್ತಿ


ಹಿಮ ಕೇಂದ್ರ, ಹೊಕ್ಕಾಯ್ದೋ
೧೪ ಜನವರಿ

ಇಂಜಿನಿಯರ್ ಮೇಡಂ ಅವರಿಗೆ ನಮಸ್ಕಾರ,

ಹೀಟರ್ ಆರಿಸಿ ಮಲಗು, ಅಷ್ಟೇ ನನ್ನ ಬೈಗುಳ. ಆಮೇಲೆ ವಿಷಯಕ್ಕೆ ಬರೋಣ.

ನೀನು ಕೇಳಿದ ಅಳತೆ ಇವತ್ತು ಕೊಡೋಕಾಗಲ್ಲ ಕಣೇ, ಗಾಡಿ ಊರಿನ ಗ್ಯಾರೇಜಿನಲ್ಲಿದೆ, ನಾಳೆ ಬರುತ್ತೆ. ಗುರುವಾರ ಟೇಪು ಹಿಡ್ಕೊಂಡು ಫೋನಿನ ಪಕ್ಕದಲ್ಲೇ ಕೂತಿರ್ತೀನಿ. ನಾಲ್ಕರಿಂದ ಆರು, ಮರೀಬೇಡ. ಇಲ್ಲಿ ಮೊಬೈಲ್ ಸಿಗಲ್ಲ. ಇರೋ ಒಂದೇ ಲೈನು ಮಂಗಳವಾರ, ಗುರುವಾರ ಸಂಜೆ ಎರಡು ಗಂಟೆ ಮಾತ್ರ ಮಾತಿಗೆ. ಮಿಕ್ಕ ಹೊತ್ತಲ್ಲಿ ನಾವು ಹೊರಗೆ ಮಾಡಬಹುದು, ಒಳಗೆ ಯಾರು ಮಾಡಿದ್ರೂ ಅಡುಗೆಮನೆಯ ಫ್ಯಾಕ್ಸ್ ಮಿಷನ್ನೇ ಎತ್ಕೊಂಡು ಕೀ ಅಂತ ಕಿರುಚುತ್ತೆ. ರೋಬೋಟು ಮಾಡೋ ದೇಶ ನೋಡು!

ಆ ಹಾಳೆ ಬಗ್ಗೆ ಹೇಳ್ಬೇಕು. ಅದರಲ್ಲಿ ನಾಲ್ಕು ಚೌಕ ಇದೆ: ಹಲ್ಲಿನ ಎತ್ತರ, ಪಟ್ಟಿಯ ದಪ್ಪ, ಮೊಳೆಯ ಉದ್ದ, ಗೂಡಿನೊಳಗಿನ ಜಾಗ. ಪ್ರತಿಯೊಂದರಲ್ಲೂ ಅಳತೆ ಬರೆದು ಪಕ್ಕದಲ್ಲಿ ಹಂಕೋ ಒತ್ತಬೇಕು. ಭಾಗ ಆರಿಸಿದವರೇ ಒತ್ತಬೇಕು, ಬೇರೆಯವರು ಒತ್ತೋ ಹಾಗಿಲ್ಲ, ಇಲ್ಲಿನ ನಿಯಮ. ಬ್ಯಾಂಕ್ ಖಾತೆಗೆ ಅಂತ ನಿನ್ನ ಹೆಸರಿನ ಮುದ್ರೆ ಮಾಡಿಸಿದ್ಯಲ್ಲ, ಕೊನೆಗೂ ಅದಕ್ಕೊಂದು ಕೆಲಸ ಸಿಕ್ತು.

ಆರ್ಡರ್ ಮಾತ್ರ ಹದಿನೆಂಟರೊಳಗೆ ಹೋಗಲೇಬೇಕು. ತಡವಾದ್ರೆ ಮೊಳೆ ಬರೋ ಹೊತ್ತಿಗೆ ಸರೋವರದಲ್ಲಿ ದೋಣಿ ಬಿಡಬೇಕಾಗುತ್ತೆ.

ಪಾಪುಗೆ ಮುತ್ತು.
ಕೋಕಿಲಾ


ಸೆಂಡಾಯ್
೧೭ ಜನವರಿ ೨೦೨೫

ಪ್ರೀತಿಯ ಕೋಕಿಲಕ್ಕ,

ನಿನ್ನೆ ಫೋನ್ ಮಾಡಲಾಗಲಿಲ್ಲ, ಕ್ಷಮಿಸಿ. ಮನೆಯಲ್ಲಿ ಸ್ವಲ್ಪ ಕೆಲಸವಿತ್ತು. ಬೇಕಾಗಿದ್ದ ಅಳತೆ ಬೇರೆ ಕಡೆಯಿಂದ ಸಿಕ್ಕಿತು, ಆದ್ದರಿಂದ ನೀವು ಚಿಂತಿಸಬೇಕಾಗಿಲ್ಲ. ಆರ್ಡರ್ ಇಂದು ಬೆಳಗ್ಗೆ ಹಾಕಿದ್ದೇನೆ. ಪೊಟ್ಟಣ ನೇರವಾಗಿ ನಿಮ್ಮ ಊರಿನ ಅಂಚೆಗೆ ಬರುತ್ತದೆ.

ಆರಿಸಿದ ಕಾರಣಗಳನ್ನು ಕೆಳಗೆ ಬರೆದಿದ್ದೇನೆ, ಓನೋ-ಸಾನ್‌ಗೆ ಹೇಳಿ. ತುದಿಯಲ್ಲಿ ಕಾರ್ಬೈಡ್ ಇರುವ ಮೊಳೆ, ಏಕೆಂದರೆ ಬರೀ ಉಕ್ಕಿನ ತುದಿ ಬರಿಯ ಮಂಜಿನ ಮೇಲೆ ಬೇಗ ಮೊಂಡಾಗುತ್ತದೆ. ಎರಡು ಉದ್ದಗಳಿದ್ದವು. ಚಿಕ್ಕದು ಹಲ್ಲಿಗಿಂತ ಆರು ಮಿಲಿಮೀಟರ್ ಎದ್ದು ನಿಲ್ಲುತ್ತದೆ, ದೊಡ್ಡದು ಹತ್ತು. ನಿಮಗೆ ಹಿಡಿತ ಮುಖ್ಯವಾದ್ದರಿಂದ ದೊಡ್ಡದು. ಒಟ್ಟು ತೊಂಬತ್ತಾರು. ಮೊಳೆ ರಬ್ಬರನ್ನು ಹರಿದುಕೊಂಡು ಹೋಗದಂತೆ ಒಂದೊಂದಕ್ಕೂ ಅಗಲವಾದ ಬಿಲ್ಲೆ ಇದೆ.

ಹಾಳೆ ಜೊತೆಗಿದೆ. ನಾಲ್ಕೂ ಚೌಕಗಳಿಗೆ ಮುದ್ರೆ ಹಾಕಿದ್ದೇನೆ. ಗೂಡಿನೊಳಗಿನ ಜಾಗ ಇಪ್ಪತ್ತೈದು ಮಿಲಿಮೀಟರ್.

ಇಲ್ಲಿ ಎಲ್ಲ ಕ್ಷೇಮ.

ಸ್ಫೂರ್ತಿ


ಹಿಮ ಕೇಂದ್ರ
೨೭ ಜನವರಿ

ಏನೇ, ಇಷ್ಟು ಗಂಭೀರವಾಗಿ ಬರೆದಿದ್ದೀಯ? ಪತ್ರ ಓದಿ ಎದ್ದು ನಿಂತು ಸಲ್ಯೂಟ್ ಹೊಡೆಯೋಣ ಅನ್ನಿಸ್ತು. ಕೆಲಸ ಅಂದ್ರೆ ಹೀಗಿರ್ಬೇಕು.

ಓನೋ-ಸಾನ್ ನಿನ್ನ ಹಾಳೆಯನ್ನ ಎರಡೂ ಕೈಲಿ ತಗೊಂಡು ದೀಪದ ಕೆಳಗೆ ಹಿಡಿದು ನೋಡಿದ್ರು. ಮುದ್ರೆ ನಾಲ್ಕೂ ನೇರವಾಗಿದೆ ಅಂದ್ರು. “ನಮ್ಮ ವಿದ್ಯಾರ್ಥಿಗಳು ಬಸ್ಸಿಗೆ ಓಡೋರ ಥರ ಸೊಟ್ಟಸೊಟ್ಟ ಒತ್ತುತ್ತಾರೆ. ಈ ತಾಯಿ ಕೂತು ಒತ್ತಿದ್ದಾರೆ” ಅಂದ್ರು. ಅರವತ್ತೆಂಟು ವರ್ಷದ ಮನುಷ್ಯ, ನಲವತ್ತು ವರ್ಷ ಇಲ್ಲಿನ ಗಾಡಿಗಳನ್ನ ನೋಡ್ಕೊಂಡವರು, ಯಾರನ್ನೂ ಸುಮ್ಮಸುಮ್ಮನೆ ಹೊಗಳೋರಲ್ಲ. ಹಾಳೆ ಈಗ ಶೆಡ್ಡಿನ ಗೋಡೆ ಮೇಲಿದೆ. ನಿನ್ನನ್ನ ‘ಇಂದೋ ನೋ ಇಂಜಿನಿಯಾ-ಸಾನ್’ ಅಂತಾರೆ, ಭಾರತದ ಇಂಜಿನಿಯರ್ ಸಾಹೇಬರು ಅಂತ ಇಟ್ಕೋ.

ಅಕ್ಷರ ಸ್ವಲ್ಪ ವಕ್ರ ಬಂದಿದೆ, ಕೈಗವಸು ಹಾಕ್ಕೊಂಡೇ ಬರೀತಿದೀನಿ. ಬೇರೇನಿಲ್ಲ.

ಕೋಕಿಲಾ


ಸೆಂಡಾಯ್
೨ ಫೆಬ್ರವರಿ ೨೦೨೫

ಪ್ರೀತಿಯ ಕೋಕಿಲಕ್ಕ,

ದಯವಿಟ್ಟು ನನ್ನನ್ನು ಆ ಹೆಸರಿನಿಂದ ಕರೆಯಬೇಡಿ ಎಂದು ಓನೋ-ಸಾನ್‌ಗೆ ಹೇಳಿ. ಹಾಳೆಯನ್ನು ಗೋಡೆಯಿಂದ ತೆಗೆಯಲು ಆಗುತ್ತದೆಯೇ? ಸಂಕೋಚವಾಗುತ್ತದೆ.

ಪಾಪುವಿಗೆ ಹಲ್ಲು ಬರುತ್ತಿದೆ, ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಹೆಗಲ ಮೇಲೆಯೇ ಇರುತ್ತಾಳೆ. ನಿತೀಶ್ ಎತ್ತಿಕೊಂಡರೆ ಅಳು ಇನ್ನೂ ಜೋರು. ಅವರ ಕಂಪನಿಯವರು ಈ ತಿಂಗಳು ಮಿನಾಟೋದ ಕಚೇರಿಗೆ ಬರಹೇಳಿದ್ದಾರೆ. ವಾರಪೂರ್ತಿ ಟೋಕಿಯೋದಲ್ಲಿ ಇರುತ್ತಾರೆ, ಶುಕ್ರವಾರ ಬರುತ್ತಾರೆ.

ಒಂದು ಮಾತು ಕೇಳಬೇಕು. ಮೊಳೆ ಬಿಗಿಯುವ ಮೊದಲು ಗೂಡಿನೊಳಗಿನ ಜಾಗವನ್ನು ನೀವು ಇನ್ನೊಮ್ಮೆ ಅಳೆದುಬಿಟ್ಟರೆ ಒಳ್ಳೆಯದೇನೋ. ನಾನು ಬರೆದದ್ದು ಸರಿಯಾಗಿಯೇ ಇರುತ್ತದೆ. ಆದರೂ ಗಾಡಿ ಹಳೆಯದು, ಒಂದೊಂದು ವರ್ಷದ್ದು ಒಂದೊಂದು ತರಹ ಇರುತ್ತದಂತೆ. ಸುಮ್ಮನೆ, ನನ್ನ ಸಮಾಧಾನಕ್ಕೆ.

ಸ್ಫೂರ್ತಿ


ಹಿಮ ಕೇಂದ್ರ
೭ ಫೆಬ್ರವರಿ

ಹುಚ್ಚೀ,

ಸಮಾಧಾನ ನಿನ್ನ ಹಣೆಯಲ್ಲಿ ಬರೆದಿಲ್ಲ. ಪಾಪು ಉಸಿರಾಡ್ತಿದೆಯಾ ಅಂತ ಒಂದು ರಾತ್ರಿಗೆ ಇಪ್ಪತ್ತು ಸಲ ನೋಡೋಳು ನೀನು. ಈ ಅಳತೆಯನ್ನೂ ಇಪ್ಪತ್ತು ಸಲ ನೋಡಿರ್ತೀಯ ಅಂತ ನಂಗೊತ್ತಿಲ್ವಾ? ನಂಬಿ ಕೊಟ್ಟಿದ್ದೇ ಅದಕ್ಕೆ.

ಆದ್ರೂ ನೀನು ಹೇಳಿದೆ ಅಂತ ಓನೋ-ಸಾನ್ ಹತ್ರ ಕೇಳ್ದೆ, ಇನ್ನೊಂದ್ಸಲ ಅಳೆಯೋಣ್ವಾ ಅಂತ. ಅವರ ಮುಖ ನೋಡ್ಬೇಕಿತ್ತು. “ಕೋಕಿರಾ-ಸಾನ್, ಮುದ್ರೆ ಒತ್ತಿದವರ ಬೆನ್ನ ಹಿಂದೆ ಟೇಪು ಹಿಡಿಯೋದು ಅವರಿಗೆ ಮಾಡೋ ಅವಮಾನ. ಅವರು ನಿಮ್ಮ ಗೆಳತಿ ಅಲ್ವಾ?” ಅಂದ್ರು. ನಾನೇ ಸುಮಿಮಾಸೆನ್, ತಪ್ಪಾಯ್ತು ಅಂತ ಎರಡು ಸಲ ತಲೆ ಬಗ್ಗಿಸಿ ಬಂದೆ.

ಮೊಳೆ ಬಂತು. ಎಂಥ ಚೆಂದ ಇದೆ ಮಾರಾಯ್ತಿ, ಓಲೆ ಮಾಡಿಸ್ಕೊಳ್ಳೋಣ ಅನ್ನೋ ಹಾಗೆ ಹೊಳೆಯುತ್ತೆ. ಈ ಶನಿವಾರ, ಭಾನುವಾರ ಕೂರಿಸ್ತೀವಿ.

ಕೋಕಿಲಾ


ಹಿಮ ಕೇಂದ್ರ
೧೪ ಫೆಬ್ರವರಿ

ಸ್ಫೂರ್ತಿ,

ಎರಡು ವಾರ ಆಯ್ತು, ನಿನ್ನ ಪತ್ರ ಇಲ್ಲ. ಮಂಗಳವಾರ, ಗುರುವಾರ ಫೋನಿನ ಹತ್ರ ಕಾಯ್ದೆ. ನಾನೇ ಮಾಡಿದ್ರೆ ಪಾಪು ಎದ್ದೀತು ಅಂತ ಮಾಡ್ಲಿಲ್ಲ. ಪಾಪು ಹುಷಾರಾಗಿದ್ದಾಳೆ ತಾನೆ? ನನ್ನ ಮೇಲೆ ಕೋಪಾನಾ? ನಿನ್ನ ಬಾಣಂತನದ ನಿದ್ದೆಯನ್ನೂ ಕಿತ್ಕೊಂಡು ಕೆಲಸ ಹೇರಿದೆ ಅಂತ ಒಂದೊಂದ್ಸಲ ನಂಗೇ ಅನ್ಸುತ್ತೆ.

ಒಂದು ವಿಷಯ ಮುಚ್ಚಿಟ್ಟಿದ್ದೆ, ಈಗ ಹೇಳ್ತೀನಿ. ಡಿಸೆಂಬರಿನಲ್ಲಿ ಸರೋವರದ ನಡುವೆ ಗಾಡಿ ಜಾರಿ ಮಗುಚಿಕೊಂಡು ನನ್ನ ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತ್ತು. ಹೇಳಿದ್ರೆ ನೀನು ಮೊಳೆ ಆರಿಸೋ ಬದಲು ಅಳ್ತಾ ಕೂರ್ತಿದ್ದೆ. ಕೈಗವಸು ಕಥೆ ಸುಳ್ಳು, ಕಾಗದ ಒತ್ತಿ ಹಿಡ್ಕೊಳ್ಳೋಕೆ ಎಡಗೈ ಬರ್ತಿರ್ಲಿಲ್ಲ. ಈಗ ವಾಸಿ. ಆದ್ರೆ ಆಮೇಲಿಂದ ಮಂಜಿನ ಮೇಲೆ ಹೋಗೋಕೆ ಹೆದರ್ತಿದ್ದೆ. ನಿನ್ನ ಮೊಳೆ ಬಂದ ಮೇಲೆ ಇಲ್ಲ.

ಆಚೆ ದಡಕ್ಕೆ ಹನ್ನೊಂದು ಕಿಲೋಮೀಟರು. ಅಲ್ಲಿರೋ ಮಂಜು ಅಳೆಯೋ ಯಂತ್ರದ ಬ್ಯಾಟರಿ ಇಪ್ಪತ್ತೊಂದಕ್ಕೆ ಸಾಯುತ್ತೆ, ಅದರ ಜೊತೆ ಈ ಚಳಿಗಾಲದ ಲೆಕ್ಕವೂ. ಹಾಗಾಗಿ ಬುಧವಾರ ಹತ್ತೊಂಬತ್ತಕ್ಕೆ, ಬೆಳಗ್ಗೆ ಆರು ಗಂಟೆಗೆ ನಾನೂ ಓನೋ-ಸಾನೂ ಹೊರಡ್ತೀವಿ. ಮಧ್ಯಾಹ್ನದ ಮೇಲೆ ಬಿರುಗಾಳಿ ಅಂತೆ, ಅಷ್ಟರೊಳಗೆ ವಾಪಸ್ಸು. ಶೆಡ್ಡಲ್ಲಿ ಪಟ್ಟಿಯನ್ನ ಕೈಯಲ್ಲಿ ತಿರುಗಿಸಿ ನೋಡಿದ್ವಿ, ಬೆಣ್ಣೆ ಥರ ತಿರುಗುತ್ತೆ, ಎಲ್ಲೂ ತಗುಲ್ತಿಲ್ಲ.

ಗಾಡಿ ಕೆಳಗೆ ಮಲಗಿ ತೆಗೆದ ಫೋಟೋ ಇಟ್ಟಿದ್ದೀನಿ. ನಿನ್ನ ಕೆಲಸ ನೀನೇ ನೋಡು.

ಕೋಕಿಲಾ


ಫ್ಯಾಕ್ಸ್
ಸೆಂಡಾಯ್
೧೯ ಫೆಬ್ರವರಿ ೨೦೨೫, ಬೆಳಗಿನ ಜಾವ ೩:೨೦

ಕೋಕಿಲಕ್ಕ, ಗಾಡಿ ಹೊರಡಿಸಬೇಡಿ.

ಹಾಳೆಯ ಮೇಲ್ಭಾಗದಲ್ಲಿ ಓನೋ-ಸಾನ್‌ಗೆಂದು ದಪ್ಪಕ್ಷರದ ಹಿರಗಾನಾದಲ್ಲಿ ‘ನಿಲ್ಲಿ, ಗಾಡಿ ಬೇಡ, ಕೋಕಿಲಾ ಅವರನ್ನು ಎಬ್ಬಿಸಿ’ ಎಂದು ಬರೆದಿದ್ದೇನೆ. ಕಾಂಜಿ ಬರೆಯಲು ನನಗೆ ಬರುವುದಿಲ್ಲ, ಮಕ್ಕಳ ಬರಹದಂತಿದೆ. ಒಲೆ ಹೊತ್ತಿಸಲು ಅವರು ನಾಲ್ಕೂವರೆಗೆ ಅಡುಗೆಮನೆಗೆ ಬರುತ್ತಾರೆಂದು ನೀವು ಹಿಂದೊಮ್ಮೆ ಹೇಳಿದ್ದಿರಿ. ಆ ನಂಬಿಕೆಯ ಮೇಲೆ ಇದನ್ನು ಕಳಿಸುತ್ತಿದ್ದೇನೆ.

ನಾಲ್ಕನೇ ಚೌಕದ ಅಳತೆ ಸುಳ್ಳು.

ಆ ಗುರುವಾರ ಮನೆಯಲ್ಲಿ ಕೆಲಸವಿರಲಿಲ್ಲ. ಮೂರೂವರೆಗೆ ಪಾಪುವಿಗೆ ಹಾಲು ಕೊಡುತ್ತಾ ಗೋಡೆಗೆ ಒರಗಿದೆ, ಫೋನ್ ತೊಡೆಯ ಮೇಲೇ ಇತ್ತು. ಕಣ್ಣು ಬಿಟ್ಟಾಗ ಏಳು ಗಂಟೆ ಹತ್ತು ನಿಮಿಷ, ಕೋಣೆ ಕತ್ತಲಾಗಿತ್ತು. ನೀವು ಟೇಪು ಹಿಡಿದುಕೊಂಡು ಎರಡು ಗಂಟೆ ಕಾದಿರುತ್ತೀರಿ ಎಂದು ನೆನೆದು ಅತ್ತೆ. ಅಳುವ ಬದಲು ನಿಮಗೊಂದು ಸಾಲಿನ ಫ್ಯಾಕ್ಸ್ ಕಳಿಸಿದ್ದರೆ ಮರುದಿನವೇ ಉತ್ತರ ಬರುತ್ತಿತ್ತು. ‘ನಿದ್ದೆಹೋದೆ’ ಎಂದು ಬರೆಯಲು ಕೈ ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಕೆಲಸ ಕೊಟ್ಟಿದ್ದರು, ಅದರಲ್ಲಿ ನಿದ್ದೆಹೋದೆ ಎನ್ನುವುದು ಹೇಗೆ? ರಾತ್ರಿಯೆಲ್ಲ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅದೇ ಹೆಸರಿನ ಗಾಡಿಗೆ ಯಾರೋ ಕೆನಡಾದವನು ಇಪ್ಪತ್ತೈದು ಎಂದು ಬರೆದಿದ್ದ. ಅವನ ಗಾಡಿ ನಿಮ್ಮದಕ್ಕಿಂತ ಆರು ವರ್ಷ ಹಳೆಯದು, ಅದೂ ಅಲ್ಲಿಯೇ ಬರೆದಿತ್ತು. ಓದಿದೆ. ಓದಿಯೂ ಬರೆದೆ. ಮುದ್ರೆ ಸೊಟ್ಟಗಾಗಬಾರದೆಂದು ಅಡಿಗೆ ಸ್ಕೇಲು ಇಟ್ಟು ಒತ್ತಿದೆ ಅಕ್ಕ. ಓನೋ-ಸಾನ್ ಹೊಗಳಿದ್ದು ಅದನ್ನು.

ಈಗ ಫೋಟೋ ನೋಡಿ. ನಿಮ್ಮ ಗಾಡಿಯ ಗೂಡಿನ ಮಾಡಿಗೆ ನಡುವೆ ಉದ್ದಕ್ಕೂ ಒಂದು ಚಪ್ಪಟೆ ಕೊಳವೆ ಇದೆ. ಇಂಜಿನ್ ತಣ್ಣಗಿಡುವ ನೀರು ಹರಿಯುವುದು ಅದರೊಳಗೆ. ಹಳೆಯ ಗಾಡಿಯಲ್ಲಿ ಅದು ಇರಲಿಲ್ಲ. ಪಕ್ಕದಲ್ಲಿ ಕಾಣುವ ರಬ್ಬರ್ ಹಲ್ಲು ಮೂವತ್ತೆರಡು ಎಂದು ಗೊತ್ತಲ್ಲ, ಅದಕ್ಕೆ ಹೋಲಿಸಿ ಅಳೆದೆ. ಕೊಳವೆ ಹದಿನಾಲ್ಕು ಮಿಲಿಮೀಟರ್ ಕೆಳಗೆ ಇಳಿದಿದೆ. ಮಾಡು ಇಪ್ಪತ್ತೈದರಲ್ಲೇ ಇದೆ ಎಂದುಕೊಂಡರೂ ಉಳಿಯುವುದು ಹನ್ನೊಂದು, ಮೊಳೆ ಎದ್ದು ನಿಂತಿರುವುದು ಹತ್ತು. ನಡುವೆ ಇರುವುದು ಒಂದು ರಾಗಿ ಕಾಳಿನಷ್ಟು ಜಾಗ. ಕೈಯಲ್ಲಿ ತಿರುಗಿಸಿದರೆ ತಗುಲುವುದಿಲ್ಲ, ಸರಿ. ವೇಗದಲ್ಲಿ ಪಟ್ಟಿ ಉಬ್ಬುತ್ತದೆ, ಉಬ್ಬುತಗ್ಗಿನಲ್ಲಿ ಮೇಲಕ್ಕೆ ಬಡಿಯುತ್ತದೆ. ತೊಂಬತ್ತಾರು ಮೊಳೆ, ಅದೂ ಮೊಂಡಾಗದ ತುದಿ ಬೇಕೆಂದು ನಾನೇ ಹುಡುಕಿ ಆರಿಸಿದ್ದು. ಕೊಳವೆಯನ್ನು ಹರಿದುಹಾಕುತ್ತವೆ. ನೀರು ಸೋರಿದರೆ ಕೆಲವೇ ನಿಮಿಷದಲ್ಲಿ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಆಗ ನೀವು ಎಲ್ಲಿರುತ್ತೀರೋ, ಹಿಂದೆ ಐದು ಕಿಲೋಮೀಟರು, ಮುಂದೆ ಆರು, ಮೇಲೆ ಬಿರುಗಾಳಿ. ಮೊಬೈಲ್ ಇಲ್ಲ. ಅರವತ್ತೆಂಟು ವರ್ಷದವರು ಜೊತೆಗೆ, ನಿಮ್ಮ ಕೈ ಹಾಗೆ.

ಇನ್ನೂ ಒಂದನ್ನು ಹೇಳಬೇಕು, ಇದು ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಈ ಪತ್ರ ಬಂದದ್ದು ನಿನ್ನೆ ಸಂಜೆ ಐದಕ್ಕೆ. ಮಂಗಳವಾರ. ಫೋಟೋ ನೋಡಿದ ತಕ್ಷಣ ಗೊತ್ತಾಯಿತು, ಅಳೆಯುವ ಮೊದಲೇ. ಐದು ಹತ್ತಕ್ಕೆ ಫೋನ್ ಮಾಡಿದೆ. ಓನೋ-ಸಾನ್ ಎತ್ತಿದರು, “ಮೋಶಿ ಮೋಶಿ” ಎಂದರು. ನಾನು ಯಾರೆಂದು ಹೇಳಬೇಕು? ಇಟ್ಟುಬಿಟ್ಟೆ. ಐದೂವರೆಗೆ ಮತ್ತೆ ಮಾಡಿದೆ, ಮತ್ತೆ ಅವರೇ, ಮತ್ತೆ ಇಟ್ಟೆ. ಐದು ಐವತ್ತಕ್ಕೆ ಫೋನ್ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತಾ ಕೂತಿದ್ದೆ. ಆರು ಹೊಡೆದಾಗ, ಅಕ್ಕ, ನನಗೆ ಹಗುರವಾಯಿತು. ಇನ್ನು ಮಾಡಲಾಗುವುದಿಲ್ಲವಲ್ಲ ಎಂದು. ನಿಮ್ಮನ್ನು ಮಂಜಿನ ಮೇಲೆ ಬಿಟ್ಟು ನನಗೆ ಹಗುರವಾಯಿತು. ಅನ್ನ ಮಾಡಿ ತಿಂದೆ ಕೂಡ. ಟೋಕಿಯೋದಿಂದ ನಿತೀಶ್ ಫೋನ್ ಮಾಡಿ “ಏನ್ ವಿಶೇಷ?” ಎಂದರೆ “ಏನಿಲ್ಲ, ನೀವು ಊಟ ಮಾಡಿದ್ರಾ?” ಎಂದೆ. ರಾತ್ರಿ ಒಂದರಿಂದ ನಿಮ್ಮ ನಂಬರಿಗೆ ಮಾಡುತ್ತಿದ್ದೇನೆ, ಪ್ರತಿ ಸಲವೂ ಫ್ಯಾಕ್ಸಿನ ಕಿರುಚು. ಅದನ್ನೇ ಕೇಳುತ್ತಾ ಕೂತು ಎರಡು ಗಂಟೆಯ ಹೊತ್ತು ಹಾಳು ಮಾಡಿದ ಮೇಲೆ, ಈ ಯಂತ್ರಕ್ಕೆ ಮಾತು ಕೇಳಿಸದಿದ್ದರೂ ಕಾಗದ ಓದಲು ಬರುತ್ತದೆ ಎಂದು ಹೊಳೆಯಿತು.

ಈಗ ಪಾಪುವನ್ನು ಎದೆಗೆ ಕಟ್ಟಿಕೊಂಡು ಮೂಲೆಯಲ್ಲಿ ರಾತ್ರಿಯಿಡೀ ತೆರೆದಿರುವ ಅಂಗಡಿಗೆ, ಕೊಂಬಿನಿಗೆ, ಬಂದಿದ್ದೇನೆ. ಫ್ಯಾಕ್ಸ್ ಯಂತ್ರದ ಪಕ್ಕದ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಗಲ್ಲಾದಲ್ಲಿರುವ ಹೆಂಗಸು “ದಾಯಿಜೋಬು?” ಎಂದು ಎರಡು ಸಲ ಕೇಳಿದರು. ಸರಿಯಾಗಿದ್ದೇನೆ ಎಂದೆ. ಅದೂ ಸುಳ್ಳು.

ಬ್ಯಾಟರಿಗೆ ಇನ್ನೂ ಎರಡು ದಿನವಿದೆ. ಕೊಳವೆಯ ನೇರಕ್ಕೆ ಬರುವ ಮೊಳೆಗಳನ್ನು ಬಿಚ್ಚಿ, ಅಂಚಿನವನ್ನು ಮಾತ್ರ ಉಳಿಸಿಕೊಂಡರೆ ಗಾಳಿ ನಿಂತ ಮೇಲೆ ನಾಳೆ ಸಂಜೆಯೋ ನಾಡಿದ್ದೋ ನಿಧಾನವಾಗಿ ಹೋಗಿಬರಬಹುದೇನೋ. ಯಾವುದು, ಎಷ್ಟು ಎಂದು ನಾನು ಇಲ್ಲಿಂದ ಹೇಳುವುದಿಲ್ಲ. ನೀವು ಟೇಪು ಇಟ್ಟು ಒಂದೊಂದೇ ಅಳತೆ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಓನೋ-ಸಾನ್ ಪಕ್ಕದಲ್ಲಿರಲಿ. ನಾನು ಮಾಡಿದ್ದೇನೆಂದು ಅವರಿಗೆ ಜಪಾನೀ ಭಾಷೆಯಲ್ಲಿ ನೀವೇ ಹೇಳಿ, ಏನನ್ನೂ ಬಿಡಬೇಡಿ. ಈ ಚಳಿಗಾಲದ ಲೆಕ್ಕ ಹೋದರೆ ಅದು ನನ್ನಿಂದ ಹೋಯಿತು ಎಂದು ನಿಮ್ಮ ಪ್ರೊಫೆಸರರಿಗೆ ನಾನೇ ಬರೆದುಕೊಡುತ್ತೇನೆ. ನನ್ನನ್ನು ಮತ್ತೆ ಮಾತಾಡಿಸಬೇಡಿ, ಪಾಪುವನ್ನು ನೋಡಲು ಬರಬೇಡಿ, ಎಲ್ಲಕ್ಕೂ ಒಪ್ಪಿದೆ. ಆದರೆ ನೀವು ಈ ಹಾಳೆ ನೋಡಿದಿರೆಂದು ನನಗೆ ಗೊತ್ತಾಗಬೇಕು.

ನಿಮ್ಮ ಕಡೆಯಿಂದ ಯಾವ ಹೊತ್ತಿನಲ್ಲಾದರೂ ಮಾಡಬಹುದಲ್ಲ. ನನ್ನ ನಂಬರು ಕೆಳಗೆ ಮೂರು ಸಲ ಬರೆದಿದ್ದೇನೆ, ಒಂದು ಅಳಿಸಿ ಬಂದರೂ ಇನ್ನೊಂದು ಕಾಣಲಿ ಎಂದು. ಎಂಟು ತಿಂಗಳಿಂದ ಸದ್ದಡಗಿಸಿಟ್ಟಿದ್ದ ಫೋನನ್ನು ಈಗ ಪೂರ್ತಿ ಏರಿಸಿದ್ದೇನೆ. ಪಾಪು ಎದ್ದರೆ ಏಳಲಿ, ಅಳಲಿ.

ಬೈಯುವುದಕ್ಕಾದರೂ ಸರಿ ಅಕ್ಕ, ಆರು ಗಂಟೆಯಾಗುವ ಮೊದಲು, ಬೆಳಕು ಹರಿಯುವ ಮೊದಲು, ಒಂದು ಫೋನ್ ಮಾಡಿ.